ಹಿಮಾಲಯದ ಮೇ ತಿಂಗಳಿಗೆ ಟೆಂಟು, ಹಾಸಿಗೆ ಹೇಗಿರಬೇಕು?

ಮಾನ್ಯ ಸಂಪಾದಕರೇ,

ಶಾಲೆ–ಕಾಲೇಜಿಗೆ ರಜೆ ಬಿದ್ದರೆ ಸಾಕು, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಸಾರ್ ಪಾಸ್, ರೂಪಿನ್ ಪಾಸ್, ಬುರಾನ್ ಘಾಟಿ ಎಂದು ಹಿಮಾಲಯದ ಎತ್ತರದ ಕಣಿವೆದಾರಿಗಳನ್ನು (ಪಾಸ್) ದಾಟಲು ಚಾರಣಿಗರ ತಂಡಗಳು ಉತ್ತರಕ್ಕೆ ಹೊರಡುತ್ತವೆ. ಅದೇ ಹೊತ್ತಿಗೆ ಪುರವಣಿಗಳಲ್ಲಿ ‘ಹಿಮಾಲಯಕ್ಕೆ ಏನೇನು ಒಯ್ಯಬೇಕು’ ಎಂಬ ಪಟ್ಟಿಗಳು ಬರುತ್ತವೆ. ಶೂ, ಜಾಕೆಟ್, ತಂಪು ಕನ್ನಡಕ, ಮುಖಕ್ಕೆ ಹಚ್ಚುವ ಕ್ರೀಮು ಎಲ್ಲವೂ ಅಲ್ಲಿರುತ್ತವೆ. ರಾತ್ರಿ ಮಲಗುವ ವಿಚಾರ ಮಾತ್ರ ‘ದಪ್ಪನೆಯ ಸ್ಲೀಪಿಂಗ್ ಬ್ಯಾಗ್’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಎತ್ತರದ ಶಿಬಿರಗಳಲ್ಲಿ ದಿನದ ಅರ್ಧ ಭಾಗ ಟೆಂಟಿನೊಳಗೇ ಕಳೆಯಬೇಕು. ಆ ಅರ್ಧ ದಿನದ ಸಿದ್ಧತೆಯ ಬಗ್ಗೆ ಈ ಪತ್ರ. ಉದ್ದವಾಯಿತೆಂದು ಕತ್ತರಿ ಹಾಕುವುದಾದರೆ ದಯವಿಟ್ಟು ಅಂಕಿಗಳನ್ನು ಉಳಿಸಿಕೊಳ್ಳಿ.

ಮೇ ಎರಡನೇ ವಾರದಿಂದ ಜೂನ್ ನಡುವಿನವರೆಗೆ ಹಿಮಾಚಲ, ಉತ್ತರಾಖಂಡದ ಎತ್ತರದ ಕಣಿವೆಗಳಲ್ಲಿ ಚಾರಣದ ಋತು ಆಗಷ್ಟೇ ಶುರುವಾಗಿರುತ್ತದೆ. ನಮ್ಮ ಲೆಕ್ಕಕ್ಕೆ ಅದು ಬೇಸಿಗೆ. ಅಲ್ಲಿ ಚಳಿಗಾಲದ ಹಿಮ ಇನ್ನೂ ಬಿದ್ದಿರುತ್ತದೆ. ಹಗಲು ಕರಗುತ್ತದೆ, ರಾತ್ರಿ ಮತ್ತೆ ಕಲ್ಲಾಗುತ್ತದೆ. ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಸುಮಾರು 1,600 ಮೀಟರ್ ಎತ್ತರದ, ಹಿಮಾಚಲದ ಕಸೋಲ್‌ನಲ್ಲಿ ರಾತ್ರಿ 12 ಡಿಗ್ರಿ ಇದ್ದರೆ 4,000 ಮೀಟರ್‌ನಲ್ಲಿ ಅದು ಸೊನ್ನೆಗಿಂತ ಮೂರು–ನಾಲ್ಕು ಡಿಗ್ರಿ ಕೆಳಗೆ. ಮೋಡವಿಲ್ಲದ ರಾತ್ರಿ ಹಿಮದ ಮೇಲೆ ಇನ್ನೂ ಕಡಿಮೆ. ಜನವರಿಯ ಚಳಿಗೆ ಹೋಲಿಸಿದರೆ ಇದು ದೊಡ್ಡದಲ್ಲ. ಆದರೆ ಜನವರಿಯ ಒಣ ಹಿಮವನ್ನು ಕೊಡವಿದರೆ ಉದುರಿಹೋಗುತ್ತದೆ, ಮೇ ತಿಂಗಳ ಹಿಮ ಬಟ್ಟೆಗೆ ಅಂಟಿಕೊಂಡು ನೀರಾಗುತ್ತದೆ. ಮಧ್ಯಾಹ್ನ ಕಳೆದರೆ ಗುಡುಗು, ಆಲಿಕಲ್ಲು, ಮಳೆ ಬೆರೆತ ಹಿಮ. ಆದ್ದರಿಂದ ಋತುವಿನ ಆರಂಭದಲ್ಲಿ ಹೋಗುವವರು ಮೊದಲು ತೇವಕ್ಕೆ ಸಿದ್ಧರಾಗಬೇಕು, ಚಳಿಗೆ ಆಮೇಲೆ. ಅಂಗಡಿಯಲ್ಲಿ ಹಣ ಖರ್ಚಾಗುವುದು ಸಾಮಾನ್ಯವಾಗಿ ಇದಕ್ಕೆ ತಲೆಕೆಳಗಾಗಿ.

ಹಾಸುವ ಮ್ಯಾಟ್‌ನಿಂದ ಶುರುಮಾಡೋಣ, ಏಕೆಂದರೆ ಹೆಚ್ಚು ಕಡೆಗಣಿಸಲ್ಪಟ್ಟಿರುವುದು ಅದೇ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ನಾವು ಮಲಗಿದೊಡನೆ ಬೆನ್ನಿನ ಕೆಳಗೆ ಚೀಲದೊಳಗೆ ತುಂಬಿದ ಪುಕ್ಕವೋ ನಾರೋ ಅಪ್ಪಚ್ಚಿಯಾಗಿ ಗಾಳಿ ಹೊರಹೋಗುತ್ತದೆ. ಅಲ್ಲಿಂದಾಚೆಗೆ ನೆಲದ ಥಂಡಿಯನ್ನು ತಡೆಯುವುದು ಮ್ಯಾಟ್ ಒಂದೇ. ಎಷ್ಟು ತಡೆಯುತ್ತದೆ ಎಂಬುದಕ್ಕೆ ‘ಆರ್ ಮೌಲ್ಯ’ ಎಂಬ ಅಳತೆಯಿದೆ. ಹಿಂದೆಲ್ಲ ಪ್ರತಿ ಕಂಪನಿ ತನಗೆ ತೋಚಿದಂತೆ ಬರೆದುಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಸಮಾನ ಪರೀಕ್ಷಾ ವಿಧಾನ ಬಂದ ಮೇಲೆ ಬೇರೆ ಬೇರೆ ಕಂಪನಿಗಳ ಮ್ಯಾಟ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದಾಗಿದೆ. ಹಿಮ ಕರಗಿದ ಒದ್ದೆ ಹುಲ್ಲಿನ ಮೇಲೆ ಆರ್ 3ರಿಂದ 4, ಹಿಮದ ಮೇಲೇ ಮಲಗುವುದಾದರೆ 4.5ರಿಂದ 5 ಬೇಕು. ಬಾಡಿಗೆಗೆ ಸಿಗುವ ತೆಳು ಫೋಮ್ ಸುರುಳಿಯದು ಆರ್ 1ರ ಆಸುಪಾಸು. ಯೋಗದ ಮ್ಯಾಟ್ ಅಷ್ಟೂ ಇಲ್ಲ. ಸುಮಾರು 2 ಸೆಂ.ಮೀ. ದಪ್ಪದ, ಮಡಚುವ, ಉಬ್ಬುತಗ್ಗಿನ ಫೋಮ್ ಮ್ಯಾಟ್‌ಗೆ ಆರ್ 2, ತೂಕ 400 ಗ್ರಾಂ ಚಿಲ್ಲರೆ. ಒಳಗೆ ನಾರು ಅಥವಾ ಬೆಳ್ಳಿ ಬಣ್ಣದ ಹಾಳೆ ಇಲ್ಲದ ಬರೀ ಗಾಳಿ ಹಾಸಿಗೆ ಎಷ್ಟೇ ಮೆತ್ತಗಿದ್ದರೂ ಥಂಡಿ ತಡೆಯುವುದಿಲ್ಲ, ಏಕೆಂದರೆ ಒಳಗಿನ ಗಾಳಿ ಸುತ್ತುತ್ತಾ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ.

ಒಂದರ ಮೇಲೊಂದು ಹಾಸಿದರೆ ಆರ್ ಮೌಲ್ಯಗಳು ಕೂಡಿಕೊಳ್ಳುತ್ತವೆ. ಆರ್ 2ರ ಫೋಮ್ ಮೇಲೆ ಆರ್ 3ರ ಗಾಳಿ ಮ್ಯಾಟ್ ಹಾಕಿದರೆ 5. ಋತುವಿನ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ: ಗಾಳಿ ಮ್ಯಾಟ್ ತೂತಾದರೂ ಫೋಮ್ ಉಳಿಯುತ್ತದೆ, ಫೋಮ್ ಕೆಳಗಿದ್ದರೆ ತೂತಾಗುವುದೂ ಅಪರೂಪ. ಹೊರಡುವ ವಾರದ ಮೊದಲು ಗಾಳಿ ಮ್ಯಾಟ್ ಉಬ್ಬಿಸಿ, ಮೇಲೆ ಎರಡು ಅಕ್ಕಿ ಮೂಟೆ ಹೇರಿ ಒಂದು ದಿನ ಬಿಡಿ. ಇಳಿದಿದ್ದರೆ ಸೋಪಿನ ನೀರು ಸವರಿ ಗುಳ್ಳೆ ಹುಡುಕಿ, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ ಪ್ಯಾಚ್ ಹಾಕಿ. ವಾಲ್ವ್‌ನ ಬುಡವನ್ನೂ ನೋಡಿ. ಬಹಳಷ್ಟು ಸೋರಿಕೆ ಅಲ್ಲೇ. ಶಿಬಿರದಲ್ಲಿ ಬಾಯಿಂದ ಊದಬೇಡಿ. ಉಸಿರಿನ ತೇವ ಒಳಗೆ ಹೋಗಿ ಕೂರುತ್ತದೆ, ಎತ್ತರದಲ್ಲಿ ತಲೆ ಸುತ್ತುವುದು ಬೇರೆ. ಗಾಳಿ ತುಂಬಲೆಂದೇ ಇರುವ ಊದುವ ಚೀಲ ಬಳಸಿ. ಸಂಜೆಯ ಬೆಚ್ಚನೆ ಗಾಳಿ ರಾತ್ರಿ ತಣ್ಣಗಾದಾಗ ಕುಗ್ಗುವುದರಿಂದ ಮಲಗುವ ಮುಂಚೆ ಮತ್ತಷ್ಟು ತುಂಬಿಕೊಳ್ಳಬೇಕು. ಇದನ್ನು ತಿಳಿಯದೆ ಮ್ಯಾಟ್ ಸೋರುತ್ತಿದೆ ಎಂದು ನಡುರಾತ್ರಿ ಟಾರ್ಚ್ ಹಿಡಿದು ತೂತು ಹುಡುಕುವವರು ಬಹಳ.

ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ ಬರೆದ ಅಂಕಿಯನ್ನು ನಂಬಬೇಡಿ. ಐಎಸ್‌ಒ 23537 ಪರೀಕ್ಷೆಯಲ್ಲಿ (ಹಳೆಯ ಚೀಲಗಳ ಮೇಲೆ ಇಎನ್ 13537 ಎಂದಿರುತ್ತದೆ) ಮುಖ್ಯವಾಗಿ ಮೂರು ಅಂಕಿಗಳಿವೆ. ‘ಕಂಫರ್ಟ್’ ಎಂದರೆ ಸಾಮಾನ್ಯ ಹೆಣ್ಣುಮಗಳೊಬ್ಬಳು ಮೈಚಾಚಿ ನಿದ್ರಿಸಬಹುದಾದ ಉಷ್ಣಾಂಶ. ‘ಲಿಮಿಟ್’ ಎಂದರೆ ಸಾಮಾನ್ಯ ಗಂಡಸು ಮುದುರಿಕೊಂಡು ರಾತ್ರಿ ಕಳೆಯಬಹುದಾದದ್ದು. ‘ಎಕ್ಸ್‌ಟ್ರೀಮ್’ ಎಂದರೆ ಜೀವ ಉಳಿದೀತು, ಅದೂ ಮೈ ಮರಗಟ್ಟುವ ಅಪಾಯದ ಜೊತೆಗೆ. ಅಗ್ಗದ ಚೀಲಗಳು ಈ ಮೂರನೆಯದನ್ನೇ ಹೆಸರಾಗಿ ಮೆರೆಸುತ್ತವೆ. ಗಂಡಸರಿರಲಿ, ಹೆಂಗಸರಿರಲಿ, ಕಂಫರ್ಟ್ ಅಂಕಿ ನೋಡಿಯೇ ಕೊಳ್ಳಿ. 4,000 ಮೀಟರ್‌ನ ಮೇ ತಿಂಗಳಿಗೆ ಅದು ಮೈನಸ್ 5ರ ಸುತ್ತ ಇರಲಿ. ಈ ಪರೀಕ್ಷೆ ನಡೆಯುವುದು ಚೀಲವನ್ನು ಮ್ಯಾಟ್ ಮೇಲೆ ಹಾಸಿ ಎಂಬುದನ್ನೂ ಮರೆಯಬಾರದು. ಮ್ಯಾಟ್ ತೆಳುವಾಗಿದ್ದರೆ ಚೀಲದ ಅಂಕಿಗೆ ಅರ್ಥವಿಲ್ಲ. ಒಳಗೆ ಹಾಕುವ ರೇಷ್ಮೆ ಅಥವಾ ಫ್ಲೀಸ್ ಲೈನರ್‌ನಿಂದ ಎರಡು–ಮೂರು ಡಿಗ್ರಿಯ ಲಾಭ ಸಿಕ್ಕೀತು. ಎಂಟು ಹತ್ತು ಡಿಗ್ರಿ ಎಂದು ಬರೆದದ್ದು ಜಾಹೀರಾತು.

ಪುಕ್ಕವೋ ಸಿಂಥೆಟಿಕ್ಕೋ ಎಂಬುದು ಹಳೆಯ ಜಗಳ. ಪುಕ್ಕ ಹಗುರ, ಚಿಕ್ಕದಾಗಿ ಮಡಚಿಕೊಳ್ಳುತ್ತದೆ. ನೆಂದರೆ ಮಾತ್ರ ಗಂಟುಗಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಗದ್ದೆಗಿಳಿಯುವವರ ಕಂಬಳಿಕೊಪ್ಪೆ ಒದ್ದೆಯಾದ ಮೇಲೂ ಒಂದಿಷ್ಟು ಬೆಚ್ಚಗಿಡುತ್ತದೆ. ಪುಕ್ಕಕ್ಕೆ ಆ ಗುಣವಿಲ್ಲ. ಸಿಂಥೆಟಿಕ್‌ಗೆ ಅದು ಸ್ವಲ್ಪ ಇದೆ, ಆದರೆ ಅಷ್ಟೇ ಬೆಚ್ಚಗಿರಲು ಹೆಚ್ಚು ಭಾರ ಹೊರಬೇಕು. ತಾವೇ ಹೊತ್ತು ನಡೆಯುವವರು, ಒಣಗಿಡುವ ಶಿಸ್ತಿದ್ದರೆ, ಪುಕ್ಕದ ಚೀಲ ಒಯ್ಯಲಿ. ಹೇಸರಗತ್ತೆ ಮೇಲೆ ಸಾಮಾನು ಕಳಿಸುವವರಿಗೆ ಸಿಂಥೆಟಿಕ್ ವಾಸಿ, ಏಕೆಂದರೆ ಗಂಟು ಹಳ್ಳದಲ್ಲಿ ಅದ್ದಿ ಬರುವುದು ಆಶ್ಚರ್ಯವಲ್ಲ. ಯಾವುದೇ ಆದರೂ ಬೆನ್ನುಚೀಲದ ಮೇಲಿನ ರೇನ್ ಕವರ್ ಸಾಲದು. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಬೆನ್ನುಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಅಸ್ತರಿಯಂತೆ ಹಾಕಿ ಬಾಯಿ ತಿರುಚಿ ಮಡಚಿ, ಅದರೊಳಗೆ ನೀರು ನುಗ್ಗದ ಡ್ರೈ ಬ್ಯಾಗ್‌ನಲ್ಲಿ ಸ್ಲೀಪಿಂಗ್ ಬ್ಯಾಗ್ ಮತ್ತು ರಾತ್ರಿಗೆಂದೇ ಮೀಸಲಿಟ್ಟ ಒಂದು ಜೊತೆ ಒಣ ಬಟ್ಟೆ, ಉಣ್ಣೆ ಕಾಲುಚೀಲ, ಟೋಪಿ ಇರಲಿ. ಆ ಬಟ್ಟೆ ಹಗಲು ಯಾವ ಕಾರಣಕ್ಕೂ ಹೊರಬರಬಾರದು.

ಬಾಡಿಗೆ ಚೀಲ ತೆಗೆದುಕೊಳ್ಳುವವರು ಅಂಗಡಿಯಲ್ಲೇ ಬಿಚ್ಚಿಸಿ, ಕೊಡವಿ, ಅರ್ಧ ಗಂಟೆ ಹಾಗೇ ಬಿಡಲು ಕೇಳಿ. ಉಬ್ಬದೆ ಚಪ್ಪಟೆ ಬಿದ್ದಿದ್ದರೆ ಬೇಡ. ಬೆಳಕಿಗೆ ಹಿಡಿದು ನೋಡಿ: ಕೆಲವು ಖಾನೆಗಳಲ್ಲಿ ಪುಕ್ಕ ಒಂದೇ ಮೂಲೆಗೆ ಸರಿದಿದ್ದರೆ ಕೈಯಿಂದ ಬಿಡಿಸಬಹುದು, ಖಾಲಿಯಾಗಿದ್ದರೆ ಆಗದು. ಜಿಪ್ಪನ್ನು ಒಳಗೆ ಮಲಗಿಯೇ ಎಳೆದು ನೋಡಿ. ಸ್ವಂತ ಚೀಲ ಇದ್ದವರು ಅದನ್ನು ವರ್ಷವಿಡೀ ಒತ್ತಿಟ್ಟ ಸ್ಥಿತಿಯಲ್ಲಿ ಅಟ್ಟದ ಮೇಲೆ ಇಡಬಾರದು, ಪುಕ್ಕ ಉಬ್ಬುವ ಗುಣವನ್ನೇ ಕಳೆದುಕೊಳ್ಳುತ್ತದೆ. ಸಡಿಲವಾದ ದೊಡ್ಡ ಹತ್ತಿ ಚೀಲದಲ್ಲಿಡಿ. ತೊಳೆಯಲು ಬಟ್ಟೆಯ ಡಿಟರ್ಜೆಂಟ್ ಬೇಡ, ಪುಕ್ಕಕ್ಕೆಂದೇ ಇರುವ ಸೋಪಿದೆ. ಒದ್ದೆ ಚೀಲವನ್ನು ಒಂದು ತುದಿ ಹಿಡಿದು ಎತ್ತಿದರೆ ಒಳಗಿನ ತೆಳು ಗೋಡೆಗಳು ಹರಿಯುತ್ತವೆ. ಎರಡು ಕೈಯಲ್ಲಿ ಬಾಚಿ ಎತ್ತಬೇಕು. ಡ್ರೈಯರ್ ಇಲ್ಲದಿದ್ದರೆ ನೆರಳಲ್ಲಿ ಚಪ್ಪಟೆ ಹರಡಿ ಗಂಟು ಬಿಡಿಸುತ್ತಾ ಹಲವು ದಿನ ಒಣಗಿಸುವುದೊಂದೇ ದಾರಿ. ಹೊರಡುವ ಹಿಂದಿನ ಭಾನುವಾರ ಮಾಡುವ ಕೆಲಸವಲ್ಲ ಇದು.

ಈಗ ಟೆಂಟು. ನಮ್ಮ ರಾಜ್ಯದ ಟೆಂಟುಗಳಿಗೆ ಅಂಟುವ ವಿಶೇಷ ರೋಗವೊಂದಿದೆ. ಮಳೆಗಾಲದಲ್ಲಿ ಅರೆಬರೆ ಒಣಗಿಸಿ ಮಡಚಿಟ್ಟ ಟೆಂಟಿನ ಪಾಲಿಯುರೆಥೇನ್ ಲೇಪನ ತೇವ ಮತ್ತು ಸೆಕೆಗೆ ಒಡೆದು ಅಂಟಂಟಾಗುತ್ತದೆ, ವಾಂತಿಯಂಥ ವಾಸನೆ ಬರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇದು ಇನ್ನೂ ಬೇಗ. ಫ್ಲೈ (ಟೆಂಟಿನ ಹೊರಹೊದಿಕೆ) ಅಥವಾ ನೆಲಹಾಸು ಹಾಗೆ ಅಂಟುತ್ತಿದ್ದರೆ ಆ ಭಾಗವನ್ನು ಹಿಮಾಲಯಕ್ಕೆ ಒಯ್ಯಬೇಡಿ. ಮೇಲೆ ಏನು ಹಚ್ಚಿದರೂ ನಿಲ್ಲದು.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅರಣ್ಯ ಇಲಾಖೆ ರಾತ್ರಿ ಟೆಂಟು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ, ಅದು ಸರಿಯೂ ಹೌದು. ಚಳಿಯ ಪರೀಕ್ಷೆ ಹೇಗೂ ಇಲ್ಲಿ ಆಗದು. ನೀರಿನ ಪರೀಕ್ಷೆಗೆ ಮನೆಯ ತಾರಸಿ ಸಾಕು. ಟೆಂಟು ನಿಲ್ಲಿಸಿ, ಹಗ್ಗಗಳನ್ನು ಇಟ್ಟಿಗೆಗೆ ಬಿಗಿದು, ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಡಿ. ಒಳಗೊಬ್ಬರು ಟಾರ್ಚ್ ಹಿಡಿದು ಹೊಲಿಗೆಗಳನ್ನು ನೋಡುತ್ತಿರಲಿ. ಹೆಚ್ಚಾಗಿ ಸೋರುವುದು ಫ್ಲೈಯ ನೆತ್ತಿಯ ಹೊಲಿಗೆ, ಹಗ್ಗ ಕಟ್ಟುವ ಕುಣಿಕೆಯ ಬುಡ, ನೆಲಹಾಸಿನ ಮೂಲೆ. ಹೊಲಿಗೆಯ ಒಳಗೆ ಕಾರ್ಖಾನೆಯ ಟೇಪು ಅಂಟಿಸಿದ್ದರೆ ಆ ಬಟ್ಟೆಯ ಲೇಪನ ಪಾಲಿಯುರೆಥೇನ್. ಎದ್ದ ಟೇಪನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪಾಲಿಯುರೆಥೇನ್ ಸೀಲರ್ ಹಚ್ಚಿ. ಟೇಪಿಲ್ಲದ, ಜಾರುವ ಬಟ್ಟೆಯಾದರೆ ಅದು ಸಿಲಿಕೋನ್ ಲೇಪನದ್ದಿರಬಹುದು. ಅದಕ್ಕೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟದು. ಹಾರ್ಡ್‌ವೇರ್ ಅಂಗಡಿಯ ನೂರಕ್ಕೆ ನೂರು ಸಿಲಿಕೋನ್ ಸೀಲೆಂಟನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಕದಡಿ, ನೀರು ದೋಸೆ ಹಿಟ್ಟಿನ ಹದಕ್ಕೆ ತಂದು, ಸಣ್ಣ ಬ್ರಷ್‌ನಿಂದ ಹೊಲಿಗೆಯ ಮೇಲೆ ಬಳಿಯಿರಿ. ಗಾಳಿಯಾಡುವ ಕಡೆ ಒಂದು ದಿನ ಒಣಗಿಸಿ ಮೇಲೆ ಟಾಲ್ಕಂ ಪೌಡರ್ ಸವರಿದರೆ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ.

ಕೋಲುಗಳು ಅಲ್ಯೂಮಿನಿಯಂ ಇರಲಿ. ಫೈಬರ್ ಗ್ಲಾಸ್ ಕೋಲು ಗಾಳಿಗೆ ಬಾಗಿ ಸೀಳಿದರೆ ಅದರ ಚೂಪು ತುದಿ ಫ್ಲೈಯನ್ನೂ ಹರಿಯುತ್ತದೆ. ಒಳಗಿನ ಎಲಾಸ್ಟಿಕ್ ಸಡಿಲವಾಗಿದ್ದರೆ ಈಗಲೇ ಬದಲಿಸಿ, ಚಳಿಯಲ್ಲಿ ಅದು ಮತ್ತಷ್ಟು ಸತ್ತುಹೋಗುತ್ತದೆ. ಮುರಿದ ಕೋಲಿನ ಮೇಲೆ ತೂರಿಸುವ ಸಣ್ಣ ಲೋಹದ ಕೊಳವೆ ಮತ್ತು ಒಂದಿಷ್ಟು ಗಟ್ಟಿ ಟೇಪು ಕಡ್ಡಾಯ. ಜಿಪ್ಪಿನ ಹಲ್ಲುಗಳಲ್ಲಿ ಕೂತ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆಯಿರಿ.

ಗೂಟಗಳ ವಿಷಯಕ್ಕೆ ಬಂದರೆ, ಟೆಂಟಿನ ಜೊತೆ ಬರುವ ಸಪೂರ ತಂತಿ ಗೂಟ ಮೇ ತಿಂಗಳ ಹಿಮದಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ. ಲೋಹ ಬಿಸಿಲಿಗೆ ಕಾದು ಸುತ್ತಲಿನ ಹಿಮ ಕರಗಿಸಿ ತಾನೇ ಎದ್ದುಬರುತ್ತದೆ. ಹಿಮದಲ್ಲಿ ಗೂಟ ಹೊಡೆಯುವುದಲ್ಲ, ಹೂಳಬೇಕು. ಸಣ್ಣ ಬಟ್ಟೆ ಚೀಲಗಳಿಗೆ ಹಿಮ ತುಂಬಿ, ಅಥವಾ ಅಲ್ಲೇ ಸಿಗುವ ಉದ್ದನೆ ಕಲ್ಲು, ಒಣಕೋಲು ತೆಗೆದುಕೊಂಡು, ಹಗ್ಗಕ್ಕೆ ಅಡ್ಡಲಾಗಿ ಒಂದಡಿ ಆಳದ ಗುಂಡಿಯಲ್ಲಿಟ್ಟು ಮುಚ್ಚಿ ತುಳಿಯಿರಿ. ಟೆಂಟಿನ ಕಡೆಗೆ ಹಗ್ಗ ಹೋಗಲು ಹಿಮದಲ್ಲಿ ಓರೆಯಾದ ಸೀಳು ಬಿಡಬೇಕು. ಇಲ್ಲದಿದ್ದರೆ ಹಗ್ಗ ಮೇಲಕ್ಕೆ ಎಳೆದು ಕಿತ್ತುಬರುತ್ತದೆ. ಅರ್ಧ ಗಂಟೆ ಬಿಟ್ಟು, ಹಿಮ ಗಟ್ಟಿಯಾದ ಮೇಲೆ ಬಿಗಿಯಿರಿ. ಹೂತ ವಸ್ತುವಿಗೆ ಹಗ್ಗವನ್ನು ಗಂಟು ಹಾಕದೆ ಬರೀ ಸುತ್ತಿಸಿ, ಎರಡೂ ತುದಿಯನ್ನು ಹಿಮದ ಮೇಲೆಯೇ ಕಟ್ಟಿ. ಬೆಳಿಗ್ಗೆ ಎಲ್ಲ ಕಲ್ಲಾಗಿರುವಾಗ ಒಂದು ತುದಿ ಬಿಚ್ಚಿ ಎಳೆದರೆ ಹಗ್ಗ ಬರುತ್ತದೆ, ಕಲ್ಲು ಅಲ್ಲೇ ಉಳಿಯಲಿ. ಇದಕ್ಕೆ 2–3 ಮಿ.ಮೀ. ದಪ್ಪದ ಹಗ್ಗ ಪ್ರತಿ ಟೆಂಟಿಗೆ 15–20 ಮೀಟರ್ ಹೆಚ್ಚುವರಿ ಬೇಕು. ನೈಲಾನ್ ಫ್ಲೈ ನೆಂದರೆ ಹಿಗ್ಗುತ್ತದೆ, ಮಲಗುವ ಮೊದಲು ಮತ್ತೊಮ್ಮೆ ಬಿಗಿಯದಿದ್ದರೆ ರಾತ್ರಿ ಗಾಳಿಗೆ ಪಟಪಟ ಹೊಡೆದು ಒಳಗೋಡೆಗೆ ತಾಗುತ್ತದೆ.

ಉತ್ತರಾಖಂಡದಲ್ಲಿ 2018ರ ಹೈಕೋರ್ಟ್ ಆದೇಶದ ನಂತರ ಬುಗ್ಯಾಲ್‌ಗಳೆಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವಂತಿಲ್ಲ. ಹಾಗಾಗಿ ಸಿಗುವ ಜಾಗ ಕಲ್ಲುನೆಲವೋ, ಕಾಡಂಚೋ, ಹಿಮವೋ ಎಂದು ಮೊದಲೇ ಕೇಳಿ ತಿಳಿದು ಗೂಟ, ಹಗ್ಗ ಕಟ್ಟಿಕೊಳ್ಳಿ. ಹಿಮದ ಮೇಲಾದರೆ ಟೆಂಟಿಗಿಂತ ಸುತ್ತಲೂ ಒಂದೂವರೆ ಅಡಿ ಹೆಚ್ಚಿಗೆ ಜಾಗವನ್ನು ಶೂಗಾಲಿನಲ್ಲಿ ತುಳಿದು ಸಮ ಮಾಡಿ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟ ಮೇಲೇ ಟೆಂಟು ಎಬ್ಬಿಸಬೇಕು. ಆತುರಪಟ್ಟರೆ ಮಲಗಿದವರ ಸೊಂಟದ ಜಾಗ ರಾತ್ರಿ ಕುಸಿದು, ಬೆಳಗಾಗುವಷ್ಟರಲ್ಲಿ ಹಾಗೇ ಗಟ್ಟಿಯಾಗುತ್ತದೆ. ಮತ್ತೆ ಸಮ ಮಾಡಲಾಗದು. ಹಿಮ ಕರಗಿದ ನೀರು ಹಳ್ಳದಲ್ಲಿ ಏರುವುದು ಮಧ್ಯಾಹ್ನದಿಂದ ಸಂಜೆಗೆ. ಬೆಳಿಗ್ಗೆ ಒಣಗಿ ಕಾಣುವ ಹರಿವಿನ ಜಾಡಿನಲ್ಲಿ ಟೆಂಟು ಹಾಕಬೇಡಿ. ಕಡಿದಾದ ಹಿಮದ ಇಳಿಜಾರಿನ ಬುಡ, ಕಲ್ಲುರುಳುವ ಜಾಗ, ಒಂಟಿ ದಿಬ್ಬದ ತುದಿ, ಥಂಡಿ ಗಾಳಿ ಬಂದು ನಿಲ್ಲುವ ಕಣಿವೆಯ ತಳ ಇವೂ ಬೇಡ. ಟೆಂಟಿನಡಿ ಹಾಸುವ ಹಾಳೆ ಫ್ಲೈಯಿಂದ ಹೊರಗೆ ಇಣುಕಿದರೆ ಮಳೆನೀರನ್ನು ನೇರ ಬೆನ್ನಿನಡಿಗೆ ತಂದು ಸುರಿಯುತ್ತದೆ. ಅಂಚನ್ನು ಒಳಕ್ಕೆ ಮಡಚಿ.

ರಾತ್ರಿ ಎಲ್ಲ ಕಿಂಡಿ ಮುಚ್ಚಿ ಬೆಚ್ಚಗೆ ಮಲಗುತ್ತೇವೆ ಎನ್ನುವವರೇ ಬೆಳಿಗ್ಗೆ ಒದ್ದೆಯಾಗಿ ಏಳುವುದು. ಮನುಷ್ಯನೊಬ್ಬ ರಾತ್ರಿಯಿಡೀ ಉಸಿರು ಮತ್ತು ಬೆವರಿನಲ್ಲಿ ಕಾಲು ಲೀಟರಿಗೂ ಮಿಕ್ಕಿ ನೀರು ಬಿಡುತ್ತಾನೆ. ಇಬ್ಬರಿದ್ದರೆ ಅರ್ಧ ಲೀಟರು. ಅದು ಹೊರಹೋಗಲು ದಾರಿಯಿಲ್ಲದೆ ಫ್ಲೈಯ ಒಳಮೈಗೆ ಇಬ್ಬನಿಯಾಗಿ ಹಿಡಿದು, ಹೆಪ್ಪುಗಟ್ಟಿ, ಬಿಸಿಲು ಬಿದ್ದೊಡನೆ ಸ್ಲೀಪಿಂಗ್ ಬ್ಯಾಗ್ ಮೇಲೆ ಮಳೆಯಾಗುತ್ತದೆ. ಮೇಲಿನ ಕಿಂಡಿಗಳು ತೆರೆದಿರಲಿ, ಬಾಗಿಲ ಜಿಪ್ಪು ನೆತ್ತಿಯಲ್ಲಿ ಒಂದು ಗೇಣು ಬಿಚ್ಚಿರಲಿ. ಮೂಗು–ಬಾಯಿ ಚೀಲದ ಹೊರಗಿರಲಿ. ಮುಖಕ್ಕೆ ಚಳಿಯಾದರೆ ಮಫ್ಲರ್ ಸುತ್ತಿಕೊಳ್ಳಿ. ಒದ್ದೆ ಕಾಲುಚೀಲಗಳನ್ನು ಒಂದೆರಡು ಜೊತೆ ಹೊಟ್ಟೆಯ ಮೇಲಿಟ್ಟು ಒಣಗಿಸಬಹುದು, ಆದರೆ ನೆಂದ ಬಟ್ಟೆಯನ್ನೆಲ್ಲ ಚೀಲದೊಳಗೆ ತುರುಕಿದರೆ ಆ ನೀರು ಪುಕ್ಕಕ್ಕೇ ಹೋಗುತ್ತದೆ. ಬೆಳಿಗ್ಗೆ ಏಳುತ್ತಲೇ ಟೆಂಟಿನ ಗೋಡೆಯನ್ನು ಬಟ್ಟೆಯಿಂದ ಒರೆಸಿ, ಮಧ್ಯಾಹ್ನದ ಊಟದ ಬಿಸಿಲಲ್ಲಿ ಚೀಲವನ್ನು ಅರ್ಧ ಗಂಟೆ ಹರಡಿ. ಈ ಅರ್ಧ ಗಂಟೆ ತಪ್ಪಿದರೆ ನಾಲ್ಕನೇ ರಾತ್ರಿಯ ಹೊತ್ತಿಗೆ ಮೈನಸ್ 5ರ ಚೀಲ ಸೊನ್ನೆ ಡಿಗ್ರಿಗೂ ಸಾಲದಾಗಬಹುದು.

ಬಿಸಿನೀರಿನ ಬಾಟಲಿಯನ್ನು ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಮುಚ್ಚಳ ಸೋರದೆಂದು ತಲೆಕೆಳಗೆ ಹಿಡಿದು ನೋಡಿದ ಮೇಲೆ. ಫೋನು, ಟಾರ್ಚಿನ ಬ್ಯಾಟರಿ, ನೀರು ಸೋಸುವ ಫಿಲ್ಟರ್ ರಾತ್ರಿ ಚೀಲದೊಳಗೇ ಇರಬೇಕು. ಒಳಗೆ ಕೂದಲೆಳೆಯಂಥ ನಳಿಕೆಗಳಿರುವ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳಿ ಕೆಟ್ಟಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಟೆಂಟಿನೊಳಗೆ ಸ್ಟೌ ಹಚ್ಚುವುದು, ಕೆಂಡ ತಂದಿಡುವುದು ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಎತ್ತರದ ತಲೆನೋವು ಎಂದುಕೊಂಡೇ ಜನ ಎಚ್ಚರ ತಪ್ಪುತ್ತಾರೆ.

ಕೊನೆಯದಾಗಿ, ಪಾಸ್ ದಾಟುವ ದಿನದ ಮಾತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದ ತಂಡ ಶಿಬಿರಕ್ಕೆ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಆದರೆ ಯಾವ ಚಾರಣದಲ್ಲೇ ಆಗಲಿ, ಅತಿ ಎತ್ತರದ, ಅತಿ ಬಯಲಿನ ದಿನ ಟೆಂಟು–ಹಾಸಿಗೆಗಳು ಶಿಬಿರದಲ್ಲೋ ಹೇಸರಗತ್ತೆಯ ಬೆನ್ನಿನಲ್ಲೋ ಇರುತ್ತವೆ, ಮನುಷ್ಯರ ಬಳಿ ಸಣ್ಣ ಚೀಲವಷ್ಟೇ ಇರುತ್ತದೆ. ಆ ಸಣ್ಣ ಚೀಲದಲ್ಲೂ ಒಂದು ಆಸರೆ ಬೇಕು. ಮೈತೂರಿಸಿಕೊಳ್ಳುವ ತುರ್ತು ಚೀಲ ಸುಮಾರು 100 ಗ್ರಾಂ. ಬೆಳ್ಳಿ ಹಾಳೆಯ ಹೊದಿಕೆಗಿಂತ ಇದು ಮೇಲು, ಏಕೆಂದರೆ ಬರೀ ಹಾಳೆಯನ್ನು ಗಾಳಿಯಲ್ಲಿ ಹಿಡಿದಿಡಲು ಆಗದು, ಹರಿದುಹೋಗುತ್ತದೆ. ಕೂರಲು ಒಂದು ತುಂಡು ಫೋಮ್, 40×30 ಸೆಂ.ಮೀ. ಸಾಕು. ಒಣ ಕೈಗವಸು, ಟೋಪಿ, ಸೀಟಿ. ತಂಡಕ್ಕೆ, ಪ್ರತಿ ಐದಾರು ಜನರಿಗೊಂದರಂತೆ, ಕೋಲಿಲ್ಲದ ಗುಂಪು ಆಸರೆ: ಎಲ್ಲರೂ ಫೋಮ್ ಮೇಲೆ ಒತ್ತಿ ಕೂತು ತಲೆಯ ಮೇಲಿಂದ ಎಳೆದುಕೊಂಡು ಅಂಚನ್ನು ಕೆಳಗೆ ಸಿಕ್ಕಿಸಿಕೊಳ್ಳುವ ಚೀಲ ಅದು, ತೂಕ ಅರ್ಧ ಕಿಲೋ ಆಸುಪಾಸು. ಸಿಗದಿದ್ದರೆ ಹಗುರವಾದ ಟಾರ್ಪಾಲು. ನಡುಕ ಶುರುವಾದಾಗಲೇ ಇದನ್ನು ತೆಗೆಯಬೇಕು. ಮಾತು ತೊದಲಿ, ಗುಂಡಿ ಹಾಕಲು ಬೆರಳು ಬಾರದಾದ ಮೇಲೆ ಜಿಪ್ಪು ತೆರೆಯುವುದೂ ಕಷ್ಟ. ನಡುಕ ತಾನಾಗಿ ನಿಂತಿತೆಂದರೆ ಮೈ ಬೆಚ್ಚಗಾಗಿದೆ ಎಂದಲ್ಲ, ಸ್ಥಿತಿ ಕೈಮೀರುತ್ತಿದೆ ಎಂದು.

ಚಾರಣ ಏರ್ಪಡಿಸುವ ಸಂಸ್ಥೆಗಳಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಜಾಹೀರಾತಿನಲ್ಲಿ ‘ಗುಣಮಟ್ಟದ ಟೆಂಟು, ಸ್ಲೀಪಿಂಗ್ ಬ್ಯಾಗ್ ಒದಗಿಸಲಾಗುವುದು’ ಎಂದು ಬರೆಯುವ ಬದಲು ಚೀಲದ ಕಂಫರ್ಟ್ ಅಂಕಿ, ಮ್ಯಾಟ್‌ನ ಆರ್ ಮೌಲ್ಯ, ಒಂದು ಟೆಂಟಿಗೆ ಎಷ್ಟು ಜನ, ಪಾಸ್ ದಿನ ಮಾರ್ಗದರ್ಶಿಯ ಚೀಲದಲ್ಲಿ ಗುಂಪು ಆಸರೆ ಇರುತ್ತದೆಯೇ ಎಂಬ ನಾಲ್ಕನ್ನು ಮುದ್ರಿಸಲಿ. ಹಣ ಕಟ್ಟುವ ಮುನ್ನ ಚಾರಣಿಗರೂ ಇವೇ ನಾಲ್ಕನ್ನು ಕೇಳಲಿ. ಉತ್ತರ ಬರಹದಲ್ಲಿ ಬರಲಿ. ಚೀಲಕ್ಕೆ ಒಂದೇ ಅಂಕಿ ಹೇಳಿದರೆ ಅದು ಮೂರರಲ್ಲಿ ಯಾವುದು ಎಂದು ಮರುಪ್ರಶ್ನೆ ಹಾಕುವುದನ್ನು ಬಿಡಬಾರದು.

ಇಂತಿ,
ಹಿಮಾಲಯ ಚಾರಣದ ಕೆಲವು ಹಳಬರು
ಬೆಂಗಳೂರು